ಚುಕ್ಕಿಗಳು ಓಡಾಡಿದ ವರ್ಷ

ಜೂನ್ 8

ಮುದ್ದು ಮಗಳೇ,

ಸುಖವಾಗಿ ತಲುಪಿದೆ. ಕೋಣೆ ಚಿಕ್ಕದು, ಮಂಚ ಅದಕ್ಕಿಂತ ಚಿಕ್ಕದು. ಮಗ್ಗುಲು ಬದಲಿಸಬೇಕಾದರೆ ಎದ್ದು ನಿಂತು, ತಿರುಗಿ ಮಲಗಬೇಕು. ಹಾಸ್ಟೆಲ್ ಬಾಗಿಲಲ್ಲಿ ಕಾವಲುಗಾರ ನನ್ನನ್ನು ನೋಡಿದವನೇ, "ಮಗಳನ್ನ ಬಿಡೋಕೆ ಬಂದ್ರಾ? ತಂದೆ ತಾಯಿ ಒಳಗೆ ಹೋಗೋ ಹಾಗಿಲ್ಲ" ಎಂದ. "ಓದೋಕೆ ಬಂದಿರೋಳು ನಾನೇ ಕಣಪ್ಪ" ಎಂದೆ. ಗುರುತಿನ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ತಾನೇ ನನ್ನ ಚೀಲ ಎತ್ತಿಕೊಂಡು ಮಹಡಿಗೆ ತಂದಿಟ್ಟ.

ಫೋನ್ ಇರುವಾಗ ಕಾಗದ ಯಾಕೆ ಎಂದು ನೀನು ಹುಬ್ಬೇರಿಸುತ್ತೀಯ. ಇದು ನನ್ನ ಗೈಡ್ ಮೇಡಂ ಅಪ್ಪಣೆ. ಮೇಡಂಗೆ ಮೂವತ್ತನಾಲ್ಕು ವರ್ಷ, ನನಗೆ ಐವತ್ತೆರಡು. "ನಿಮ್ಮ ಕೆಲಸದ ಬಗ್ಗೆ ಏನೂ ಗೊತ್ತಿಲ್ಲದ ಒಬ್ಬರಿಗೆ ಬರೆದು ತಿಳಿಸ್ತಾ ಇರಿ. ಫೋನಲ್ಲಾದ್ರೆ ಹೂಂ ಹೂಂ ಅಂತಾರೆ, ಅರ್ಥ ಆಯ್ತೋ ಇಲ್ವೋ ಗೊತ್ತಾಗಲ್ಲ" ಎಂದರು. ಏನೂ ಗೊತ್ತಿಲ್ಲದವರು ಎಂದ ತಕ್ಷಣ ನಿನ್ನ ನೆನಪಾಯಿತು. ಬೇಜಾರು ಮಾಡಿಕೊಳ್ಳಬೇಡ.

ಪಾಠ ಒಂದು. ನಮ್ಮ ರಕ್ತದಲ್ಲಿ ಬಿ ಕೋಶ ಎನ್ನುವ ಜೀವಕೋಶಗಳಿವೆ, ರೋಗದ ವಿರುದ್ಧ ಕಾವಲು ಕಾಯುವವು. ಅವುಗಳ ಮೈಸುತ್ತ ಕೊಬ್ಬಿನ ತೆಳುವಾದ ಪೊರೆ. ಆ ಪೊರೆಯಲ್ಲಿ ಗ್ರಾಹಕಗಳು ಎಂಬ ಪ್ರೋಟೀನುಗಳು, ಸಾವಿರಗಟ್ಟಲೆ. ಹೊರಗಿನಿಂದ ಬಂದ ರೋಗಾಣುವಿನ ತುಣುಕು ಸಿಕ್ಕರೆ ಇವು ಹಿಡಿದುಕೊಳ್ಳುತ್ತವೆ, ಒಳಗೆ ಸುದ್ದಿ ಮುಟ್ಟುತ್ತದೆ, ಕೋಶ ಎಚ್ಚರಗೊಳ್ಳುತ್ತದೆ. ಪುಸ್ತಕದ ಚಿತ್ರಗಳಲ್ಲಿ ಗ್ರಾಹಕಗಳನ್ನು ಗೂಟ ಹೊಡೆದ ಹಾಗೆ ಬರೆದಿರುತ್ತಾರೆ. ನಿಜವಾಗಿ ಅವು ಒಂದು ಗಳಿಗೆಯೂ ನಿಲ್ಲುವುದಿಲ್ಲ, ಪೊರೆಯ ತುಂಬ ತೇಲಾಡುತ್ತಿರುತ್ತವೆ. ಈ ಓಡಾಟ ಸುಮ್ಮನೆ ಓಡಾಟವೋ, ಅಥವಾ ಸುದ್ದಿ ಮುಟ್ಟುವುದಕ್ಕೂ ಅದಕ್ಕೂ ಸಂಬಂಧ ಉಂಟೋ? ಇದೇ ನನ್ನ ಪ್ರಶ್ನೆ.

ಮುಂದಿನ ಮೇ ತಿಂಗಳಲ್ಲಿ ಮೂವರು ಪ್ರೊಫೆಸರರು ಕೂತು ನನ್ನ ಕೆಲಸ ನೋಡುತ್ತಾರೆ. ಮೆಚ್ಚಿದರೆ ಪಿಎಚ್.ಡಿ. ಮುಂದುವರಿಯುತ್ತದೆ, ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ನಿಮ್ಮಪ್ಪ ಸ್ಟೇಷನ್ನಿನಲ್ಲಿ ಅಂದಿದ್ದೂ ಅಷ್ಟೇ ಅಲ್ಲವೇ, "ಒಂದು ವರ್ಷ ನೋಡೋಣ" ಎಂದು. ಅದು ಬಿಟ್ಟರೆ ಗಾಡಿ ಹೊರಡುವ ತನಕ ನನ್ನ ಚೀಲದ ಹೊಲಿಗೆಗಳನ್ನೇ ಎಳೆದೆಳೆದು ನೋಡುತ್ತಿದ್ದರು, ಟೈಲರ್ ಬುದ್ಧಿ.

ನಿನ್ನ ವಿದ್ಯಾರ್ಥಿನಿ,
ಅಮ್ಮ

ಜೂನ್ 21

ವಿದ್ಯಾರ್ಥಿನಿ ಅಮ್ಮನಿಗೆ,

ಹೋಂವರ್ಕ್ ಮಾಡಿದೆಯಾ, ಬೆನ್ನು ನೆಟ್ಟಗೆ ಮಾಡಿ ಕೂರುತ್ತೀಯಾ, ಕೆಟ್ಟ ಸಹವಾಸ ಇಲ್ಲ ತಾನೆ? ಇಪ್ಪತ್ತು ವರ್ಷ ನೀನು ನನಗೆ ಕೇಳಿದ ಪ್ರಶ್ನೆಗಳನ್ನೆಲ್ಲ ಬಡ್ಡಿ ಸಮೇತ ವಾಪಸು ಕೊಡುತ್ತೇನೆ, ಸಿದ್ಧವಾಗಿರು.

ನಮ್ಮ ಡ್ರೈವಿಂಗ್ ಶಾಲೆಗೆ ಹೊಸ ಬ್ಯಾಚ್ ಬಂದಿದೆ. ನಿನ್ನೆ ಒಬ್ಬ ವಕೀಲರು ಬ್ರೇಕ್ ಬದಲು ಇನ್ನೊಂದನ್ನು ತುಳಿದು, ಗಾಡಿಯನ್ನು ಹೂಕುಂಡದ ಅಂಗಡಿಯ ತನಕ ಒಯ್ದರು. ನನ್ನ ಬದಿಯಲ್ಲೂ ಒಂದು ಬ್ರೇಕ್ ಇರುವುದರಿಂದ ಒಂದು ಕುಂಡವೂ ಒಡೆಯಲಿಲ್ಲ. ಇಳಿದ ಮೇಲೆ ಅವರು "ಗಾಡಿಯಲ್ಲೇ ಏನೋ ದೋಷ ಇದೆ" ಎಂದು ವಾದ ಮಾಡಿದರು. ವಕೀಲರಲ್ಲವೇ.

ನಿನ್ನ ಪಾಠ ನನಗೆ ಅರ್ಥವಾದದ್ದು ಹೀಗೆ: ಪೊರೆ ಎಂದರೆ ರಸ್ತೆ, ಗ್ರಾಹಕ ಎಂದರೆ ಗಾಡಿ. ಎಷ್ಟು ಗಾಡಿ ಇವೆ ಎಂದು ಎಲ್ಲರೂ ಎಣಿಸಿದ್ದಾರೆ, ನೀನು ಎಷ್ಟು ಜೋರಾಗಿ ಓಡುತ್ತವೆ ಎಂದು ನೋಡುತ್ತೀಯ. ಸರಿಯೇ?

ಎದುರುಮನೆ ಆಂಟಿ, "ಅರವತ್ತಕ್ಕೆ ಅರಳುಮರಳು ಅಂತಾರೆ, ನಿಮ್ಮಮ್ಮನಿಗೆ ಸ್ವಲ್ಪ ಬೇಗನೇ ಬಂತು. ಈ ವಯಸ್ಸಲ್ಲಿ ಓದಿ ಯಾರನ್ನ ಉದ್ಧಾರ ಮಾಡ್ತಾರಂತೆ?" ಎಂದರು. "ನಿಮ್ಮನ್ನಲ್ಲ ಬಿಡಿ" ಎಂದು ಬಂದೆ.

ಅಪ್ಪ ಅಡುಗೆ ಕಲಿಯುತ್ತಿದ್ದಾರೆ. ಬೀನ್ಸ್ ಹೆಚ್ಚಿದರೆ ಅಳತೆ ಟೇಪ್ ಹಿಡಿದ ಹಾಗೆ ಒಂದೊಂದು ತುಂಡೂ ಒಂದೇ ಸಮ. ಉಪ್ಪಿಗೆ ಮಾತ್ರ ಅಳತೆ ಗಿಳತೆ ಇಲ್ಲ. ನಿನ್ನ ಕಾಗದದಲ್ಲಿ ಏನಿದೆ ಎಂದು ಅವರು ಕೇಳಲಿಲ್ಲ, ನಾನೇ ಊಟದ ಹೊತ್ತಿನಲ್ಲಿ ಗಟ್ಟಿಯಾಗಿ ಓದಿದೆ. ಮುಗಿದ ಮೇಲೆ, "ಮಂಚ ಚಿಕ್ಕದಂತಾ?" ಎಂದರು. ಅಷ್ಟೇ.

ನಿನ್ನ ಮೇಷ್ಟ್ರು,
ಮಗಳು

ಆಗಸ್ಟ್ 17

ಮೇಷ್ಟ್ರೇ,

ನಿಮ್ಮ ಉತ್ತರಕ್ಕೆ ಅರ್ಧ ಮಾರ್ಕು. ಗಾಡಿಗೆ ಡ್ರೈವರ್ ಇರುತ್ತಾನೆ, ಹೋಗಬೇಕಾದ ಊರು ಇರುತ್ತದೆ. ಗ್ರಾಹಕಕ್ಕೆ ಎರಡೂ ಇಲ್ಲ. ಅಕ್ಕಪಕ್ಕದ ಅಣುಗಳು ತಳ್ಳಿದ ಕಡೆಗೆ ಅಲೆಯುತ್ತದೆ, ಇನ್ನೊಂದು ತಳ್ಳಿದರೆ ಹಿಂದಕ್ಕೆ ಬರುತ್ತದೆ. ಇನ್ನೂ ಒಂದು ವಿಷಯ: ಪೊರೆಯ ಒಳಬದಿಗೆ ಹೊಂದಿಕೊಂಡು ಸಣ್ಣ ಎಳೆಗಳ ಬಲೆ ಹೆಣೆದಿರುತ್ತದೆ. ಆ ಎಳೆಗಳೇ ಬೇಲಿ. ಗ್ರಾಹಕ ಒಂದು ಬೇಲಿಯೊಳಗೆ ಸ್ವಲ್ಪ ಹೊತ್ತು ಸುತ್ತಾಡಿ, ಸಂದಿ ಸಿಕ್ಕಾಗ ಪಕ್ಕದ್ದಕ್ಕೆ ನುಸುಳುತ್ತದೆ. ಬೇಲಿ ಸಡಿಲವಾದರೆ ಗ್ರಾಹಕಗಳು ಒಂದನ್ನೊಂದು ಸುಲಭವಾಗಿ ಸೇರುತ್ತವೆ, ಹಾಗೆ ಸೇರುವುದರಿಂದಲೇ ಸುದ್ದಿ ಒಳಗೆ ಹೋಗುತ್ತದೆ ಎಂದು ಮೇಡಂ ಊಹೆ. ಅದನ್ನು ನಾನು ಕಣ್ಣಾರೆ ನೋಡಿ ತೋರಿಸಬೇಕು.

ಕೆಲಸ ಹೇಗೆಂದರೆ, ಒಂದೊಂದು ಗ್ರಾಹಕಕ್ಕೆ ಹೊಳೆಯುವ ಬಣ್ಣದ ಒಂದು ಕಣ ಕಟ್ಟುತ್ತೇನೆ. ಕೋಶಗಳನ್ನು ಗಾಜಿನ ಮೇಲೆ ಕೂರಿಸಿ, ಕತ್ತಲೆ ಕೋಣೆಯ ಸೂಕ್ಷ್ಮದರ್ಶಕದಲ್ಲಿ ಸಿನಿಮಾ ತೆಗೆಯುತ್ತೇನೆ. ಕಪ್ಪು ಪರದೆಯ ಮೇಲೆ ಬಿಳಿ ಚುಕ್ಕಿಗಳು ಓಡಾಡಬೇಕು.

ಓಡಾಡುತ್ತಿಲ್ಲ, ಮಗಳೇ. ನನ್ನ ಚುಕ್ಕಿಗಳು ಕೂತಲ್ಲಿಂದ ಏಳುತ್ತಿಲ್ಲ. ಬೇರೆಯವರ ಸಿನಿಮಾಗಳನ್ನು ನೋಡಿದ್ದೇನೆ, ಮಕ್ಕಳ ಶಾಲೆ ಬಿಟ್ಟ ಹಾಗೆ ಇರುತ್ತದೆ. ನನ್ನದು ಬ್ಯಾಂಕಿನ ಸಾಲು. ಬಣ್ಣದ ಬಾಟಲಿ ಬದಲಿಸಿದೆ, ಹೊಸ ರಕ್ತದಿಂದ ಕೋಶ ತೆಗೆದೆ. ಈಗ ಸೂಕ್ಷ್ಮದರ್ಶಕದ ಮೇಲೇ ಅನುಮಾನ. ಆದರೂ ಜೊತೆಯ ವಿದ್ಯಾರ್ಥಿಗಳೆಲ್ಲ ನನ್ನನ್ನು ದೊಡ್ಡಮ್ಮ ಎಂದು ಕರೆದು, ನನ್ನ ಕೈ ನೋಡಿ ಹೊಟ್ಟೆಕಿಚ್ಚು ಪಡುತ್ತಾರೆ. "ದೊಡ್ಡಮ್ಮನ ಗಾಜಿನಿಂದ ಒಂದು ಕೋಶನೂ ಉದುರಲ್ಲ" ಎನ್ನುತ್ತಾರೆ. ಆಸ್ಪತ್ರೆಯ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷ ಗಾಜು ಹಿಡಿದ ಕೈ ಅಲ್ಲವೇ, ಅಷ್ಟಾದರೂ ಬೇಡವೇ?

ಅಲ್ಲಿ ಸೆಕೆ ಹೇಗಿದೆ?

ಅಮ್ಮ

ಸೆಪ್ಟೆಂಬರ್ 5

ಅಮ್ಮ,

ಸೂಕ್ಷ್ಮದರ್ಶಕದ ಮೇಲೆ ಅನುಮಾನವಂತೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ವಕೀಲರಿಗೂ ನಿನಗೂ ಪರಿಚಯ ಮಾಡಿಸಬೇಕು.

ಸೆಕೆ ಚೆನ್ನಾಗಿದೆ. ನೀನು ಅಪ್ಪನ ಬಗ್ಗೆ ಒಂದು ಮಾತು ಕೇಳುವುದಿಲ್ಲ, ಅವರು ನಿನ್ನ ಬಗ್ಗೆ ಕೇಳುವುದಿಲ್ಲ. ಇಬ್ಬರಿಗೂ ಹವಾಮಾನದ ಚಿಂತೆ. ಅವರೂ ಮೊನ್ನೆ ಕೇಳಿದರು, "ಅಲ್ಲಿ ಚಳಿ ಶುರುವಾಯ್ತಂತಾ?" ಎಂದು. ನಾನೇನು ಹವಾಮಾನ ಇಲಾಖೆಯೇ?

ಆದರೆ ಒಂದು ಸುದ್ದಿ ಕೊಡುತ್ತೇನೆ. ನಿನ್ನ ಕಾಗದ ಓದಿದ ಮಾರನೇ ದಿನ ಅಂಗಡಿಗೆ ಊಟ ಒಯ್ದೆ. ಕತ್ತರಿಸಲು ಹಾಸಿದ ಬಟ್ಟೆಯ ಮೇಲೆ ಚಾಕ್ ಹಿಡಿದು ಅಪ್ಪ ಏನೋ ಗೀಚುತ್ತಿದ್ದರು. ಒಂದು ದುಂಡನೆಯ ಗೆರೆ, ಒಳಗೆ ಬಲೆ, ಮೇಲೆಲ್ಲ ಚುಕ್ಕಿ. ನನ್ನನ್ನು ಕಂಡು ಬೇಗ ಒರೆಸಿದರು. ಆ ಮೇಲೆ ಅನ್ನ ಕಲಸುತ್ತ, "ಬೇಲಿ ಯಾಕಂತೆ? ಕಾವಲಿನವನು ಬೇಗ ಏಳಲಿ ಅಂತ ತಾನೆ ನಮಗೆ ಬೇಕಿರೋದು. ಬೇಲಿ ಕಿತ್ತು ಹಾಕಿದ್ರೆ ಒಳ್ಳೇದಲ್ವಾ?" ಎಂದರು. ನೀವೇ ಬರೆದು ಕೇಳಿ ಎಂದೆ. "ನೀನೇ ಕೇಳು" ಎಂದು ಕೈ ತೊಳೆಯಲು ಎದ್ದರು.

ಮಗಳು

ನವೆಂಬರ್ 12

ಮಗಳೇ,

ತಡವಾಯಿತು. ಬರೆಯಲು ಏನಾದರೂ ಒಳ್ಳೆಯದು ಸಿಗಲಿ ಎಂದು ಕಾಯುತ್ತಿದ್ದೆ.

ನಿಮ್ಮಪ್ಪನಿಗೆ ಹೇಳು, ಅವರು ಕೇಳಿದ್ದು ತುಂಬ ಒಳ್ಳೆಯ ಪ್ರಶ್ನೆ. ಬೇಲಿ ಇಲ್ಲದಿದ್ದರೆ ಕೋಶ ಸುಮ್ಮಸುಮ್ಮನೆ ಎದ್ದು ಕೂರುತ್ತದೆ. ಶತ್ರು ಇಲ್ಲದಾಗಲೂ ಎಚ್ಚರವಾದರೆ ಅದು ಸ್ವಂತ ದೇಹದ ಮೇಲೇ ಹರಿಹಾಯಬಹುದು. ಅದಕ್ಕೇ ಬೇಲಿ ಬೇಕು, ಆದರೆ ಹೊತ್ತು ಬಂದಾಗ ಸಡಿಲವಾಗುವಂಥ ಬೇಲಿ ಬೇಕು.

ನನ್ನ ಚುಕ್ಕಿಗಳಿಗೆ ಆ ಹೊತ್ತು ಬಂದಿಲ್ಲ. ಅದರ ಮೇಲೆ ಇನ್ನೊಂದು ಕಾಟ. ಕೋಶ ಎಚ್ಚರಗೊಂಡಾಗ ಒಳಗೆ ಕ್ಯಾಲ್ಸಿಯಂ ನುಗ್ಗುತ್ತದೆ, ಅದು ಕಾಣಲಿ ಎಂದು ಹಸಿರಾಗಿ ಹೊಳೆಯುವ ಬಣ್ಣ ತುಂಬಿರುತ್ತೇವೆ. ನನ್ನ ಕೋಶಗಳಲ್ಲಿ ಅರ್ಧಕ್ಕರ್ಧ, ನಾನು ಏನೂ ಮಾಡುವ ಮೊದಲೇ ಹಸಿರು. ಮಲಗಿರಬೇಕಾದವು ಎದ್ದಿವೆ, ಓಡಬೇಕಾದವು ನಿಂತಿವೆ. ಮೇಡಂ ಬೈಯುವುದಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಮೇ ತಿಂಗಳಿಗೆ ಒಂದಾದರೂ ಸರಿಯಾದ ಸಿನಿಮಾ ಬೇಕು, ಇಲ್ಲಾಂದ್ರೆ ನಾನು ಏನಂತ ನಿಮ್ಮ ಪರ ಮಾತಾಡ್ಲಿ?" ಎಂದರು. ಕಣ್ಣಲ್ಲಿ ನೀರಿತ್ತು, ಅವರದೂ ನನ್ನದೂ.

ಬಂದುಬಿಡಲೇ? ಎದುರುಮನೆಯವರು ಹೇಳಿದ್ದೇ ಸರಿಯೇನೋ. ನಿನಗೆ ಹೇಗೆ ತೋರುತ್ತದೋ ಬರಿ.

ಅಮ್ಮ

ನವೆಂಬರ್ 19

ಅಮ್ಮ,

ಬರಬೇಡ.

ನಮ್ಮ ಶಾಲೆಗೆ ಬರುವವರಲ್ಲಿ ಹೆಚ್ಚಿನವರು ಗಾಡಿ ಕಲಿಯುವುದನ್ನು ಬಿಡುವುದು ಪರೀಕ್ಷೆಯ ಹಿಂದಿನ ವಾರ. ನಾನು ಅವರ ಮನೆಗೇ ಹೋಗಿ ಎಳೆದುಕೊಂಡು ಬರುತ್ತೇನೆ. ನಿನ್ನ ಹಾಸ್ಟೆಲಿಗೂ ಬರಬೇಕಾಗುತ್ತದೆ, ಹುಷಾರ್.

ನಿನ್ನ ಕಾಗದವನ್ನು ಓದಿದಾಗ ಅಪ್ಪ ಅರ್ಧ ಊಟಕ್ಕೆ ತಟ್ಟೆ ಎತ್ತಿಟ್ಟು ಅಂಗಡಿಗೆ ಹೋದರು. ಹೋಗಿ ತಿರುಗಿ ಬಂದರು. ಬಾಗಿಲಲ್ಲೇ ನಿಂತು, "ಬರೋದಾದ್ರೆ ಯಾವಾಗ ಬೇಕಾದ್ರೂ ಬರಲಿ, ಮನೆ ಅವಳದು. ಸೋತೆ ಅಂತ ಬರೋದು ಬೇಡ" ಎಂದರು. ಕಾಗದ ಪೆನ್ನು ಅವರ ಮುಂದಿಟ್ಟೆ. ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ಜೇಬಿಗಿಟ್ಟುಕೊಂಡು ಹೋದರು. ಪೆನ್ನೂ ಹೋಯಿತು. ಇದನ್ನು ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದೇನೆ.

ನಿನ್ನ ಮಗಳು

ಜನವರಿ 23

ಬಂಗಾರಿ,

ನೆಲ ನಿಜವಾಗಿಯೂ ಡೊಂಕಾಗಿತ್ತು ಕಣೇ. ಆದರೆ ಆ ನೆಲ ಹಾಕಿದವಳು ನಾನೇ.

ಮೊದಲಿನಿಂದ ಹೇಳುತ್ತೇನೆ. ಮಂಗಳವಾರ ಮಧ್ಯಾಹ್ನ ಎಂದಿನಂತೆ ಕೋಶದ ತಳ, ಎಂದರೆ ಗಾಜಿಗೆ ತಾಗಿ ಕೂತ ಭಾಗವನ್ನು ನೋಡುತ್ತಿದ್ದೆ. ಎಲ್ಲರೂ ಅಲ್ಲೇ ನೋಡುವುದು, ಅಲ್ಲಿ ಚಿತ್ರ ಸ್ಪಷ್ಟ. ಚುಕ್ಕಿಗಳು ಎಂದಿನಂತೆ ಕಲ್ಲು. ಬೇಸತ್ತು, ಬೆಳಕಿನ ಕೋನ ಬದಲಿಸಿ, ನೋಟವನ್ನು ಮೇಲೆ ಮೇಲೆ ತಂದೆ, ಅದೇ ಕೋಶದ ನೆತ್ತಿಯ ತನಕ. ಅಲ್ಲಿ ಚಿತ್ರ ಮಸುಕು. ಆದರೆ ಆ ಮಸುಕಿನಲ್ಲಿ ಚುಕ್ಕಿಗಳು ಓಡುತ್ತಿದ್ದವು. ಕೆಳಗಿಳಿಸಿದೆ, ನಿಂತಿವೆ. ಮೇಲೇರಿಸಿದೆ, ಓಡುತ್ತಿವೆ. ಒಂದೇ ಕೋಶ, ಒಂದೇ ಬಣ್ಣ, ಒಂದೇ ಸೂಕ್ಷ್ಮದರ್ಶಕ. ವ್ಯತ್ಯಾಸ ಒಂದೇ, ತಳಕ್ಕೆ ಗಾಜು ತಾಗಿದೆ, ನೆತ್ತಿಗೆ ತಾಗಿಲ್ಲ.

ಆಗ ತಲೆಗೆ ಹೊಳೆಯಿತು. ಆಸ್ಪತ್ರೆಯಲ್ಲಿ ನನ್ನ ಕೆಲಸ ಏನಿತ್ತು? ರೋಗಿಯ ಒಂದು ಕೋಶವೂ ತೊಳೆದು ಹೋಗದ ಹಾಗೆ ಗಾಜಿಗೆ ಅಂಟು ಸವರುವುದು. ಮೇಡಂ ಕೊಟ್ಟ ವಿಧಾನದಲ್ಲಿ ತೆಳ್ಳಗೆ ಒಂದು ಸಲ ಸವರಿ ಎಂದಿದೆ. ನನ್ನ ಕೈ ಯಾರನ್ನೂ ಕೇಳದೆ ಎರಡನೇ ಸಲ ಸವರುತ್ತಿತ್ತು, ಒಣಗಿಸಿ ಮೂರನೇ ಸಲ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ, ಇಪ್ಪತ್ತಾರು ವರ್ಷದ ಗುಣ ಅದಕ್ಕೇನು ಕಡಿಮೆ? ತಳದ ಗ್ರಾಹಕಗಳೆಲ್ಲ ಅಂಟಿನಲ್ಲಿ ಸಿಕ್ಕಿಕೊಂಡಿವೆ. ಅಷ್ಟು ಬಿಗಿಯಾಗಿ ಹಿಡಿದರೆ ಕೋಶ ಗಾಬರಿಯಿಂದ ಎಚ್ಚರಗೊಳ್ಳದೆ ಇನ್ನೇನು? ಎರಡು ಕಾಟಕ್ಕೂ ಒಂದೇ ಕಾರಣ, ನನ್ನ ಹೆಸರಾಂತ ಕೈ.

ಮೇಡಂಗೆ ಹೇಳಿದೆ. ಅವರು ಕುರ್ಚಿಯಲ್ಲೇ ಮುಂದಕ್ಕೆ ಬಾಗಿ ನಕ್ಕರು. ನಗು ನಿಲ್ಲಲಿಲ್ಲ. ನನಗೂ ಹತ್ತಿಕೊಂಡಿತು. ಹೊರಗಿದ್ದವರು ಏನಾಯಿತೋ ಎಂದು ಬಾಗಿಲು ತಟ್ಟಿದರು.

ಈಗ ಅಂಟನ್ನೇ ಬಿಡುತ್ತೇನೆ. ತೊಳೆದ ಗಾಜಿನ ಮೇಲೆ ಕೊಬ್ಬಿನ ಸಣ್ಣ ಗುಳ್ಳೆಗಳನ್ನು ಬಿಟ್ಟರೆ ಅವು ಒಡೆದು, ತಾವಾಗಿ ಒಂದು ತೆಳು ಪದರವಾಗಿ ಹರಡುತ್ತವೆ. ಕೋಶ ಅದರ ಮೇಲೆ ಹಗುರವಾಗಿ ಕೂರುತ್ತದೆ. ಪದರಕ್ಕೆ ಸ್ವಲ್ಪ ಗಾಳಿ ತಾಗಿದರೂ ಹಾಳು, ಸದಾ ನೀರಿನಡಿಯಲ್ಲೇ ಇರಬೇಕು. ಕಲಿಯಬೇಕು. ಕೋಶಗಳು ಉದುರಿ ಹೋದರೆ ಹೋಗಲಿ ಎಂದು ಬಿಡುವುದನ್ನೂ ಕಲಿಯಬೇಕು, ಅದೇ ಕಷ್ಟ.

ಖುಷಿಯಿಂದ,
ಅಮ್ಮ

ಜನವರಿ 30

ಅಮ್ಮ,

ಓದುತ್ತಿದ್ದ ಹಾಗೆ ಅಪ್ಪ ನಕ್ಕರು. ಕೆಮ್ಮು ಬರುವಷ್ಟು. "ಅವಳು ಹಾಗೇ. ನನ್ನ ಅಂಗಿಗೂ ಗುಂಡಿ ಹಾಕಿದ್ರೆ ಬಟ್ಟೆ ಹರೀಬೇಕು, ಗುಂಡಿ ಬರ್ತಿರಲಿಲ್ಲ" ಎಂದರು. ಟೈಲರ್ ಹೆಂಡತಿ ಗಂಡನ ಅಂಗಿಗೆ ಗುಂಡಿ ಹಾಕುತ್ತಿದ್ದಳೆಂದು ನನಗೆ ಇವತ್ತೇ ಗೊತ್ತಾದದ್ದು. ಇನ್ನೂ ಏನೇನಿದೆಯೋ.

ನಮ್ಮ ವಕೀಲರು ಪರೀಕ್ಷೆ ಪಾಸಾದರು. ಗಾಡಿಯಲ್ಲಿ ದೋಷ ಇಲ್ಲವೆಂದು ಒಪ್ಪಿಕೊಂಡಿದ್ದಾರೆ.

ಮಗಳು

ಮಾರ್ಚ್ 14

ಮಗಳೇ,

ಓಡಿದವು.

ಪದರ ಮಾಡಲು ಬಂದದ್ದು ಹೋದ ವಾರ. ಕೋಶಗಳು ಕೂತವು, ಒಂದೂ ಹಸಿರಾಗಲಿಲ್ಲ, ಎಲ್ಲ ಗಾಢ ನಿದ್ದೆ. ತಳದ ಚುಕ್ಕಿಗಳು ಒಂದೊಂದೂ ತನ್ನ ಬೇಲಿಯೊಳಗೆ ಸುತ್ತಾಡುತ್ತ, ಆಗೊಮ್ಮೆ ಈಗೊಮ್ಮೆ ಪಕ್ಕಕ್ಕೆ ನುಸುಳುತ್ತ. ಎಷ್ಟೋ ಹೊತ್ತು ಸುಮ್ಮನೆ ನೋಡುತ್ತ ಕೂತೆ, ರೆಕಾರ್ಡ್ ಗುಂಡಿ ಒತ್ತುವುದೇ ಮರೆತಿತ್ತು.

ಆಮೇಲೆ ಬೇಲಿ ಕರಗಿಸುವ ಔಷಧಿಯ ಒಂದು ಹನಿ. ರೋಗಾಣುವಿನ ತುಣುಕು ಏನೂ ಹಾಕಿಲ್ಲ, ನೆನಪಿಟ್ಟುಕೋ. ಚುಕ್ಕಿಗಳು ಮೊದಲು ಸ್ವಲ್ಪ ದೂರ, ಮತ್ತೆ ಇನ್ನೂ ದೂರ, ಕೊನೆಗೆ ತಳದ ತುಂಬ ಓಡಾಡತೊಡಗಿದವು. ಆಗ ಒಂದು ಮೂಲೆಯ ಕೋಶ ಹಸಿರಾಯಿತು. ಅದರ ಪಕ್ಕದ್ದು. ಅದರಾಚೆಯದು. ಶತ್ರುವೇ ಇಲ್ಲ, ಬರೀ ಓಡಾಟ ಹೆಚ್ಚಿದ್ದಕ್ಕೆ ಕೋಶಗಳು ಏಳುತ್ತಿವೆ. ಕತ್ತಲೆ ಕೋಣೆಯಲ್ಲಿ ನಾನೊಬ್ಬಳೇ, ಕುಣಿದೆ. ನೆಲ ಸರಿಯಾಗಿಯೇ ಇತ್ತು.

ಮೇ ತಿಂಗಳಿಗೆ ಇನ್ನು ಭಯವಿಲ್ಲ ಎನ್ನಲಾರೆ. ಆದರೆ ತೋರಿಸಲು ಒಂದು ಸಿನಿಮಾ ಇದೆ.

ಅಮ್ಮ

ಮೇ 27

ಮಗಳೇ,

ಪರೀಕ್ಷೆ ಆಯಿತು. ಮೂವರೂ ಕೂತಿದ್ದರು. ಸಿನಿಮಾ ಹಾಕಿದೆ, ಹಸಿರು ಹೊತ್ತಿದಾಗ ಒಬ್ಬರು ಕನ್ನಡಕ ಸರಿ ಮಾಡಿಕೊಂಡರು, ನನಗೆ ಧೈರ್ಯ ಬಂತು. ಆಗ ಬಿಳಿ ಗಡ್ಡದ ಹಿರಿಯರು, "ನಿಮ್ಮ ಔಷಧಿ ಬೇಲಿಯನ್ನಷ್ಟೇ ಕರಗಿಸುತ್ತೆ, ಕೋಶದಲ್ಲಿ ಬೇರೇನೂ ಕೆಡಿಸಲ್ಲ ಅನ್ನೋಕೆ ಏನು ಗ್ಯಾರಂಟಿ?" ಎಂದರು.

"ಗ್ಯಾರಂಟಿ ಇಲ್ಲ ಸಾರ್" ಎಂದೆ. "ಅದಕ್ಕೇ ಔಷಧಿ ಹಾಕದ ಕೋಶಗಳನ್ನೂ ನೋಡಿದೆ" ಎಂದು ಎರಡನೇ ಸಿನಿಮಾ ಹಾಕಿದೆ. ಔಷಧಿ ಇಲ್ಲ, ರೋಗಾಣುವಿನ ತುಣುಕು ಮಾತ್ರ. ಬೇಲಿ ತಾನಾಗಿ ಸಡಿಲವಿದ್ದ, ಗ್ರಾಹಕಗಳು ಮೊದಲೇ ಹೆಚ್ಚು ಅಲೆಯುತ್ತಿದ್ದ ಕೋಶಗಳು ಬೇಗ ಎದ್ದವು. ಬಿಗಿ ಬೇಲಿಯವು ತಡವಾಗಿ ಎದ್ದವು. "ಇದು ಅರ್ಧ ಉತ್ತರ ಸಾರ್. ಇನ್ನರ್ಧ ನನಗೂ ಗೊತ್ತಿಲ್ಲ. ಮೂರು ವರ್ಷ ಕೊಟ್ಟರೆ ಹುಡುಕುತ್ತೇನೆ" ಎಂದೆ. ಎಲ್ಲಿತ್ತೋ ಆ ಬಾಯಿ. ಹಿರಿಯರು ನಕ್ಕು, "ನಿಮಗೆ ಕೊಡದೆ ಇನ್ಯಾರಿಗೆ ಕೊಡೋಣಮ್ಮ?" ಎಂದರು.

ಕೊಟ್ಟರು. ಮೂರು ವರ್ಷ. ಕಾರಿಡಾರಿನಲ್ಲಿ ನನ್ನನ್ನು ಎತ್ತಿ ಮೆರವಣಿಗೆ ಮಾಡುವುದೊಂದು ಬಾಕಿ.

ಕೋಣೆಗೆ ಬಂದು ಕೂತ ಮೇಲೆ ನಿಮ್ಮಪ್ಪನ ಮುಖ ಕಣ್ಣಮುಂದೆ ಬಂತು. ಅವರಿಂದ ಕೇಳಿದ್ದು ಒಂದು ವರ್ಷ. ಈಗ ಇನ್ನೂ ಮೂರು ಕೊಡಿ ಎಂದು ಯಾವ ಬಾಯಿಂದ ಕೇಳಲಿ? ಪ್ರೊಫೆಸರರ ಮುಂದೆ ಬಂದ ಧೈರ್ಯ ಅವರ ಮುಂದೆ ಬರುತ್ತಿಲ್ಲ. ಅವರು ಬೇಡ ಎಂದರೆ ಬೇಡವೇ ಸರಿ, ನಾನು ಬಂದುಬಿಡುತ್ತೇನೆ, ಸೋತು ಅಲ್ಲ. ಅವರನ್ನು ಬಿಟ್ಟಿರುವುದು ಕಷ್ಟ ಎಂದು ಬರುತ್ತೇನೆ. ಇದು ನಿಜ, ಹವಾಮಾನ ಅಲ್ಲ. ಈ ಸಲ ಗಟ್ಟಿಯಾಗಿ ಓದಬೇಡ, ಕಾಗದವನ್ನೇ ಅವರ ಕೈಗೆ ಕೊಡು.

ಅಮ್ಮ

ಜೂನ್ 3

ಏನಂತ ಕರೆದು ಶುರು ಮಾಡಬೇಕೋ ತಿಳಿಯಲಿಲ್ಲ. ಮನೆಯಲ್ಲಿ "ಇಗೋ" ಎಂದರೆ ನೀನು ತಿರುಗುತ್ತಿದ್ದೆ. ಅದಕ್ಕೇ, ಇಗೋ,

ಕಾಗದ ಓದಿದೆ. ಪಾಸಾದದ್ದು ಕೇಳಿ ತುಂಬ ಸಂತೋಷ. ಅಂಗಡಿಗೆ ಬಂದವರಿಗೆಲ್ಲ ಹೇಳಿದೆ. ಎದುರುಮನೆಯಾಕೆ ರವಿಕೆ ಅಳತೆಗೆ ಬಂದಿದ್ದರು, ಅವರಿಗೆ ಬೇಲಿ, ಗ್ರಾಹಕ, ಹಸಿರು ಎಲ್ಲ ಬಿಡಿಸಿ ಹೇಳಿದೆ. ಅಳತೆ ತೆಗೆಯುವುದೇ ಮರೆತು ಹೋಯಿತು, ಅವರೂ ಕೇಳದೆ ಹೋದರು.

ವರ್ಷವೆಲ್ಲ ಯಾಕೆ ಬರೆಯಲಿಲ್ಲ ಎಂದು ಮಗಳು ದಿನಾ ಜಗಳ ತೆಗೆಯುತ್ತಾಳೆ. ನಿನಗೆ ಹೇಳುತ್ತೇನೆ. ಬರೆಯಲು ಎಷ್ಟೋ ಸಲ ಕೂತೆ. ಎಲ್ಲಿಂದ ಶುರು ಮಾಡಿದರೂ ಕೊನೆಗೆ "ಬಂದುಬಿಡು" ಎಂದೇ ಬರುತ್ತಿತ್ತು. ನಾನು ಹಾಗೆ ಬರೆದರೆ ನೀನು ನಿಜವಾಗಿಯೂ ಬಂದುಬಿಡುತ್ತೀಯ ಎಂದು ಗೊತ್ತಿತ್ತು. ಹರಿದು ಹಾಕುತ್ತಿದ್ದೆ.

ಈಗ ಒಂದು ಉಪಾಯ ಮಾಡಿದ್ದೇನೆ. ಅಂಗಡಿಯನ್ನು ನಮ್ಮಲ್ಲಿ ಬಟ್ಟೆ ಕಟಿಂಗ್ ಮಾಡುವ ಹುಡುಗನ ಕೈಗೆ ಒಪ್ಪಿಸಿದೆ, ನನಗಿಂತ ಚೆನ್ನಾಗಿ ಕತ್ತರಿಸುತ್ತಾನೆ. ಮಗಳು "ಮನೆ ಪೂರ್ತಿ ನನಗೇ" ಎಂದು ಈಗಲೇ ಸೋಫಾ ಜಾಗ ಬದಲಿಸಿದ್ದಾಳೆ. ನಿನ್ನ ಊರಿನಲ್ಲೂ ಜನ ಬಟ್ಟೆ ಹಾಕಿಕೊಳ್ಳುತ್ತಾರಲ್ಲ, ಪ್ಯಾಂಟು ಉದ್ದ ಗಿಡ್ಡ ಮಾಡುವ ಕೆಲಸಕ್ಕೆ ಎಲ್ಲಿಯೂ ಬರವಿಲ್ಲ. ಹಾಸ್ಟೆಲ್ ಬಿಟ್ಟು ಎರಡು ಕೋಣೆಯ ಒಂದು ಮನೆ ನೋಡು. ಅಡುಗೆ ನನ್ನದು, ಉಪ್ಪು ನೀನು ನೋಡಿ ಹಾಕು.

ಶನಿವಾರ ಬೆಳಗಿನ ಗಾಡಿಗೆ ಬರುತ್ತಿದ್ದೇನೆ. ಕೆಲಸ ಬಿಟ್ಟು ಸ್ಟೇಷನ್ನಿಗೆ ಬರಬೇಡ, ವಿಳಾಸ ಕೇಳಿಕೊಂಡು ನಾನೇ ಲ್ಯಾಬಿನ ಬಾಗಿಲಿಗೆ ಬರುತ್ತೇನೆ. ಆ ನಿನ್ನ ಚುಕ್ಕಿಗಳನ್ನು ಮೊದಲು ತೋರಿಸು. ವರ್ಷವೆಲ್ಲ ಕೇಳಿದ್ದೇ ಆಯಿತು, ಇನ್ನೂ ನೋಡಿಲ್ಲ.

ನಿನ್ನವನು